ಎರಡು ತಂತಿ ಕೂಡುವ ಜಾಗ

ಸ್ನಾನ ಮುಗಿಸಿ ಗೀಸರಿನ ಪ್ಲಗ್ ಕೀಳುವಾಗ ಪಿನ್ನು ಬೆರಳಿಗೆ ಚುರುಕ್ಕೆಂದು ತಾಗುತ್ತದೆ. ಸಾಕೆಟ್ಟಿನ ಬಿಳಿ ಮೈ ಒಂದು ಮಗ್ಗುಲಲ್ಲಿ ಕಂದುಗಟ್ಟಿರುತ್ತದೆ, ಕೊಳೆತ ಮೀನಿನಂಥ ವಾಸನೆಯೂ ಬರಬಹುದು. ಎಲೆಕ್ಟ್ರಿಷಿಯನ್ ಬಂದು ನೋಡಿ ಎರಡೇ ಮಾತು ಹೇಳುತ್ತಾನೆ: ಲೂಸ್ ಕಾಂಟ್ಯಾಕ್ಟ್. ಕನ್ನಡದ ಮನೆಗಳಲ್ಲಿ ಅಜ್ಜಿಯರಿಗೂ ಗೊತ್ತಿರುವ ಪದ ಅದು. ಆದರೆ ಅದರ ಹಿಂದಿನ ಲೆಕ್ಕವನ್ನು ನಾವು ಹಾಕಿ ನೋಡುವುದು ಕಡಿಮೆ. 3 ಕಿಲೋವಾಟಿನ ಗೀಸರಿಗೆ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಬೇಕು. ಪಿನ್ನು ಸಾಕೆಟ್ಟನ್ನು ಸೇರುವಲ್ಲಿ ಬರೀ 0.15 ಓಮಿನ ರೋಧ ಹುಟ್ಟಿಕೊಂಡರೂ ಸಾಕು, ಆ ಕಡಲೆಕಾಳಿನಷ್ಟು ಜಾಗದಲ್ಲಿ 25 ವಾಟ್ ಬಿಸಿ ಏಳುತ್ತದೆ. ರೇಡಿಯೋ ರಿಪೇರಿಯವರ ಮೇಜಿನ ಮೇಲಿರುವ ಸೋಲ್ಡರಿಂಗ್ ಐರನ್ನಿನ ಶಕ್ತಿಯೂ ಅಷ್ಟೇ. ಅಂಥದ್ದೊಂದನ್ನು ಗೋಡೆಯೊಳಗೆ ಉರಿಯಲು ಬಿಟ್ಟು ನಾವು ತಲೆಗೆ ನೀರು ಹೊಯ್ದುಕೊಳ್ಳುತ್ತಿರುತ್ತೇವೆ.

ವಿದ್ಯುತ್ತಿನ ಚರಿತ್ರೆಯೆಂದರೆ ನಮಗೆ ಬಲ್ಬು, ಡೈನಮೋ, ಮೋಟಾರುಗಳದ್ದು. ತಂತಿ ತಂತಿಯನ್ನು ಸೇರುವ ಜಾಗಕ್ಕೂ ಅಷ್ಟೇ ದೊಡ್ಡ ಚರಿತ್ರೆಯಿದೆ. ನೂರೆಂಬತ್ತು ವರ್ಷಗಳಿಂದ ಜಾಣರು ಅದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ, ಕೆಲಸ ಇನ್ನೂ ಮುಗಿದಿಲ್ಲ.

ಅದು ಶುರುವಾದದ್ದು ಟೆಲಿಗ್ರಾಫಿನ ಕಾಲದಲ್ಲಿ, ಬರಿಗೈಯ ಗಂಟಾಗಿ. ಎರಡು ತಂತಿಗಳ ತುದಿಯನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ, ಪ್ರತಿ ತುದಿಯನ್ನೂ ಇನ್ನೊಂದರ ಮೈಗೆ ಐದಾರು ಸುತ್ತು ಬಿಗಿಯಾಗಿ ಸುತ್ತಿದರೆ ಅದು ವೆಸ್ಟರ್ನ್ ಯೂನಿಯನ್ ಜಾಯಿಂಟ್. ಎಳೆದಷ್ಟೂ ಸುತ್ತುಗಳು ಇನ್ನಷ್ಟು ಬಿಗಿಯುತ್ತವೆ. ಅಮೆರಿಕದ ತಂತಿ ಕಂಪನಿಯೊಂದರ ಹೆಸರು ಹೊತ್ತ ಈ ಗಂಟನ್ನು ನಮ್ಮ ಐಟಿಐಗಳಲ್ಲಿ ಬ್ರಿಟಾನಿಯಾ, ಮ್ಯಾರೀಡ್ ಜಾಯಿಂಟುಗಳ ಜೊತೆ ಇಂದಿಗೂ ಕಲಿಸುತ್ತಾರೆ. ಗಂಟು ಎಳೆತವನ್ನು ತಾಳುತ್ತದೆ, ಅದರ ಮೇಲೆ ಹಾಕಿದ ಬೆಸುಗೆ ವಿದ್ಯುತ್ತನ್ನು ದಾಟಿಸುತ್ತದೆ. ಬಹಳ ಕಾಲ ಇಷ್ಟೇ ವಿದ್ಯೆಯಿಂದ ಜಗತ್ತು ನಡೆಯಿತು.

ದೀಪದ ವಿದ್ಯುತ್ತು ಬಂದಾಗ ಕಷ್ಟ ಹೆಚ್ಚಿತು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಎಡಿಸನ್ ಕರೆಂಟು ಹಂಚತೊಡಗಿದಾಗ ತಂತಿಗಳನ್ನು ನೆಲದಡಿ ಹಾಕಬೇಕೆಂದು ಹಟ ಹಿಡಿದ. ಅವನ ಬಲಗೈಯಂತಿದ್ದ ಜಾನ್ ಕ್ರೂಸಿ ಮಾಡಿಸಿದ್ದು 20 ಅಡಿ ಉದ್ದದ ಕಬ್ಬಿಣದ ಕೊಳವೆಗಳನ್ನು, ಒಳಗೆ ತಾಮ್ರದ ಸರಳು, ಸುತ್ತ ಕರಗಿಸಿ ಹೊಯ್ದ ಡಾಂಬರಿನಂಥ ಅಂಟು. ಒಂದೊಂದು ಕೊಳವೆ ಮುಗಿದಲ್ಲೂ ಒಂದು ಎರಕದ ಪೆಟ್ಟಿಗೆ, ಅದರೊಳಗೆ ಬಾಗುವ ತಾಮ್ರದ ಕೊಂಡಿ. ಒಂದು ಮೈಲಿಗೆ 264 ಕೂಡುಜಾಗ. ಅದರಲ್ಲಿ ಒಂದೇ ಒಂದು ಕೈಕೊಟ್ಟರೂ ಬೀದಿ ಅಗೆಯಬೇಕು. ಅದೇ ದಶಕದ ಕೊನೆಗೆ ಲಂಡನ್ನಿನಲ್ಲಿ ಫೆರಾಂಟಿ 10,000 ವೋಲ್ಟಿನ ಮಾರ್ಗ ಹಾಕಲು ಹೊರಟ. ಅವನದೂ 20 ಅಡಿಯ ತುಂಡುಗಳೇ: ಒಂದರೊಳಗೊಂದು ತಾಮ್ರದ ಕೊಳವೆ, ನಡುವೆ ಮೇಣ ಕುಡಿಸಿದ ಕಾಗದ. ಅವನು ತುಂಡಿನ ಒಂದು ತುದಿಯನ್ನು ಪೆನ್ಸಿಲಿನಂತೆ ಕೂರಾಗಿ ಹೆರೆದ, ಇನ್ನೊಂದರಲ್ಲಿ ಅದಕ್ಕೊಪ್ಪುವ ಗುಳಿ ಕೊರೆದ, ಒಂದನ್ನು ಇನ್ನೊಂದಕ್ಕೆ ಒತ್ತಿ ಕೂರಿಸಿದ. ಇಳಿಜಾರು ಉದ್ದವಾಗಿದ್ದಷ್ಟೂ ವಿದ್ಯುತ್ತು ಕಾಗದದ ಸಂದಿಯಲ್ಲಿ ನುಸುಳಿ ಹಾಯುವುದು ಕಷ್ಟ. ಹೈ ವೋಲ್ಟೇಜ್ ಕೇಬಲ್ ಜೋಡಿಸುವವರು ಈಗಲೂ ತುದಿಯ ಇನ್ಸುಲೇಷನ್ನನ್ನು ಹಾಗೆ ಹೆರೆಯುವುದುಂಟು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದದ್ದು ನಮ್ಮ ಹೆಮ್ಮೆ. ಆಗ ಅದು ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ತಂತಿ ಸುರುಳಿ ಸುರುಳಿಯಾಗಿ ಬರುವುದರಿಂದ ಅಷ್ಟು ಉದ್ದದ ಲೈನಿನಲ್ಲಿ ಎಷ್ಟು ಕಡೆ ತಂತಿಗೆ ತಂತಿ ಸೇರಿಸಿರಬೇಕು! ಜಲಪಾತ, ಟರ್ಬೈನು, ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ ಎಲ್ಲವನ್ನೂ ನೆನೆಯುತ್ತೇವೆ. ಕಂಬ ಹತ್ತಿ ಆ ಜಾಯಿಂಟುಗಳನ್ನು ಬಿಗಿದ ಕೈಗಳನ್ನೂ ನೆನೆಯಬೇಕೆಂದು ನನಗೆ ಅನ್ನಿಸುತ್ತದೆ.

ಮನೆಯೊಳಗಿನ ಕಥೆ ಬೇರೆ. ಮೊದಮೊದಲು ಮನೆಗಳಲ್ಲಿ ಇದ್ದದ್ದು ಬಲ್ಬ್ ಹೋಲ್ಡರ್ ಮಾತ್ರ. ಇಸ್ತ್ರಿಪೆಟ್ಟಿಗೆಗೂ ಫ್ಯಾನಿಗೂ ಅಲ್ಲಿಂದಲೇ ಕರೆಂಟು ತೆಗೆಯಬೇಕು. 1904ರಲ್ಲಿ ಅಮೆರಿಕದ ಹಾರ್ವಿ ಹಬೆಲ್ ಹೋಲ್ಡರಿಗೆ ತಿರುಪಿ ಕೂರಿಸುವ ಭಾಗ ಒಂದು, ಅದರಿಂದ ಎಳೆದು ತೆಗೆಯಬಹುದಾದ ಪ್ಲಗ್ ಇನ್ನೊಂದು ಎಂದು ಎರಡಾಗಿ ಒಡೆದು ಪೇಟೆಂಟ್ ಪಡೆದ. 1914ರಲ್ಲಿ ಕೆನಡಾದ ವಿಲಿಯಂ ಮಾರ್, ಹೆಣೆದ ತಂತಿಗಳ ಮೇಲೆ ಬಿಗಿಯುವ ಟೊಪ್ಪಿಗೆಯೊಂದನ್ನು ರೂಪಿಸಿ, ಹೊಸ ಮನೆಗಳ ಅಟ್ಟದಲ್ಲಿ ಬೆಸುಗೆಯ ಬೆಂಕಿ ಹಿಡಿದು ಕೂರುವ ಅಪಾಯ ತಪ್ಪಿಸಿದ. ಅಲ್ಲಿನವರು ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಮ್ಯಾರೆಟ್ ಎನ್ನುತ್ತಾರೆ.

ಭೂಮಿಗೆ ಸೇರುವ ಮೂರನೆಯ ಸಂಪರ್ಕ ಹರಡಿದ್ದು 1920, 30ರ ದಶಕಗಳಲ್ಲಿ. ಜರ್ಮನಿಯಲ್ಲಿ ಆಲ್ಬರ್ಟ್ ಬ್ಯೂಟ್ನರ್ ರೂಪಿಸಿದ ಶುಕೋ ಪ್ಲಗ್, ಅಮೆರಿಕದಲ್ಲಿ ಫಿಲಿಪ್ ಲಾಬ್ರೆಯ 1928ರ ಪೇಟೆಂಟು, ಬ್ರಿಟನ್ನಿನಲ್ಲಿ 1934ರ ಬಿಎಸ್ 546 ಮಾನಕ. ನಮ್ಮ ಗೋಡೆಯ ಮೇಲಿರುವ ಉರುಟು ಮೂರು ತೂತುಗಳು ಈ ಕೊನೆಯದರ ವಂಶ. ಹಿಂದಿನ 5 ಮತ್ತು 15 ಆಂಪಿಯರ್ ಈಗ 6 ಮತ್ತು 16 ಆಗಿವೆ. ಇವುಗಳಲ್ಲಿ ಅರ್ಥಿನ ದಪ್ಪ, ಉದ್ದದ ಪಿನ್ನಿನಲ್ಲಿ ಎರಡು ಜಾಣತನಗಳಿವೆ. ದಪ್ಪವಾದ್ದರಿಂದ ಅದು ಫೇಸಿನ ತೂತಿಗೆ ಹೋಗುವುದಿಲ್ಲ. ಉದ್ದವಾದ್ದರಿಂದ ಪ್ಲಗ್ ಹಾಕುವಾಗ ಮೊದಲು ಅದೇ ತಾಗುತ್ತದೆ, ಕೀಳುವಾಗ ಕೊನೆಗೆ ಅದೇ ಬಿಡುತ್ತದೆ. ಯಂತ್ರದ ಮೈಗೆ ಕರೆಂಟು ಬರುವ ಮೊದಲೇ ಭೂಮಿ ಕೈ ಹಿಡಿದಿರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಿಡಿಯುವುದಿಲ್ಲವೆಂದು ಆ ಪಿನ್ನನ್ನೇ ಕಿತ್ತೆಸೆಯುವವರನ್ನು ಕಂಡಾಗ ಹೊಟ್ಟೆ ತೊಳಸುತ್ತದೆ.

ಇಷ್ಟೆಲ್ಲ ಆಗುವಾಗಲೂ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ: ಎರಡು ಲೋಹ ತಾಗಿವೆ ಎಂದರೇನು? ಅದಕ್ಕೆ ಜೀವಮಾನ ಕೊಟ್ಟವನು ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್. ಅವನ ಪುಸ್ತಕ 1940ರ ದಶಕದಲ್ಲಿ ಮೊದಲು ಜರ್ಮನ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಬಂತು. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈ ಉಬ್ಬುತಗ್ಗುಗಳದ್ದು. ಎರಡು ಹಲಸಿನ ಹಣ್ಣುಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಮುಳ್ಳಿಗೆ ಮುಳ್ಳು ತಾಗುತ್ತದೆಯೇ ಹೊರತು ಹಣ್ಣಿಗೆ ಹಣ್ಣಲ್ಲ. ಕರೆಂಟಿಗೆ ದಾಟಲು ಇರುವುದು ಆ ನಾಲ್ಕಾರು ಚುಕ್ಕೆಗಳಷ್ಟೇ. ಹಾಗಾಗಿ ಎಷ್ಟು ಅಗಲವಾಗಿ ತಾಗಿಸಿದ್ದೀರಿ ಎನ್ನುವುದಕ್ಕಿಂತ ಎಷ್ಟು ಬಲವಾಗಿ ಒತ್ತಿದ್ದೀರಿ, ಆ ಒತ್ತು ಎಷ್ಟು ವರ್ಷ ಉಳಿಯುತ್ತದೆ ಎನ್ನುವುದು ಮುಖ್ಯ. ಈ ಕ್ಷೇತ್ರದ ಮುಖ್ಯ ಶೋಧಗಳು ಬಹುಪಾಲು ಈ ಎರಡನೆಯ ಮಾತಿನ ಸುತ್ತಲೇ ನಡೆದಿವೆ.

ಅವುಗಳಲ್ಲಿ ದೊಡ್ಡದು ಕ್ರಿಂಪಿಂಗ್. ಬೆಸುಗೆ ಇಲ್ಲದ ಕನೆಕ್ಟರುಗಳನ್ನು ಬರ್ನ್ ಡಿಬ್ನರ್ ತನ್ನ ಬರ್ಂಡಿ ಕಂಪನಿಯಿಂದ 1924ರಿಂದಲೇ ಮಾಡುತ್ತಿದ್ದ. 1941ರಲ್ಲಿ ಅಂಕಸ್ ವಿಟೇಕರ್ ಆರಂಭಿಸಿದ ಎಎಂಪಿ ಕಂಪನಿಗೆ ಯುದ್ಧವೇ ಗಿರಾಕಿಯಾಯಿತು. ವಿಮಾನದ ನಡುಕದಲ್ಲಿ ಬೆಸುಗೆಯ ಜಾಯಿಂಟು ಬಾಳುವುದಿಲ್ಲ. ಕರಗಿದ ಸೀಸ ತಂತಿಯ ಎಳೆಗಳ ನಡುವೆ ಏರಿ ಅವನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ, ಬಿರುಸು ಮುಗಿದು ಮೆದು ಶುರುವಾಗುವಲ್ಲಿ ಎಳೆ ಮುರಿಯುತ್ತದೆ. ಕ್ರಿಂಪಿಂಗಿನಲ್ಲಿ ಬೆಂಕಿಯೇ ಇಲ್ಲ. ತಾಮ್ರದ ಕೊಳವೆಯೊಳಗೆ ತಂತಿ ತೂರಿಸಿ ಅಚ್ಚಿನಲ್ಲಿ ಅಮುಕಿದಾಗ ಎರಡೂ ಲೋಹಗಳು ತಣ್ಣಗೇ ಹಿಟ್ಟಿನಂತೆ ಹರಿದು, ಮೇಲಿನ ಕಿಲುಬು ಒಡೆದು, ಗಾಳಿಯೂ ನುಗ್ಗದಂತೆ ಬೆರೆಯುತ್ತವೆ. ಉಪಕರಣಕ್ಕೆ ರ‍್ಯಾಚೆಟ್ ಬಂತು. ಹಿಡಿಯನ್ನು ಪೂರ್ತಿ ಅಮುಕುವವರೆಗೆ ಅದು ಬಾಯಿ ಬಿಡುವುದಿಲ್ಲ, ಹೊಸಬ ಅಮುಕಿದರೂ ಹಳಬ ಅಮುಕಿದರೂ ಒಂದೇ ಒತ್ತು. ನನ್ನ ಮಟ್ಟಿಗೆ ಈ ಚಿಕ್ಕ ಹಲ್ಲುಗಾಲಿ ಕ್ಷೇತ್ರದ ಅತಿ ಮುಖ್ಯ ಶೋಧ.

ಅದಿಲ್ಲದ ಕಡೆ ಏನಾಗುತ್ತದೆಂದು ನೋಡಲು ಯಾವುದಾದರೂ ತೋಟದ ಪಂಪ್‌ಸೆಟ್ ಮನೆಗೆ ಹೋದರೆ ಸಾಕು. ಕೇಬಲ್ಲಿನ ತುದಿಗೆ ತೊಡಿಸುವ ಲಗ್ಗಿನ ತೂತು ಸಣ್ಣದಾಯಿತೆಂದು ನಾಲ್ಕು ಎಳೆ ಕತ್ತರಿಸಿ, ಉಳಿದದ್ದನ್ನು ತುರುಕಿ, ಸುತ್ತಿಗೆಯಿಂದ ಬಡಿದು ಕೂರಿಸಿರುತ್ತಾರೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಮೋಟಾರು ಹೆಚ್ಚು ಆಂಪಿಯರ್ ಎಳೆಯುವಾಗ ಮೊದಲು ಸುಡುವುದು ಸ್ಟಾರ್ಟರಿನ ಆ ತುದಿಯೇ. ರೈತನ ದುಡ್ಡಿನಲ್ಲಿ ಮೋಟಾರು ರಿವೈಂಡಿಂಗಿಗೆ ಹೋಗುತ್ತದೆ, ಬೈಗುಳ ಕರೆಂಟಿನ ಪಾಲಿಗೆ.

ಅಲ್ಯುಮಿನಿಯಂ ಈ ವಿದ್ಯೆಯ ಕಠಿಣ ಪರೀಕ್ಷೆ. ಹಗುರ, ಅಗ್ಗ. ಆದರೆ ಗಾಳಿ ತಾಗಿದ ಕ್ಷಣ ಮೈಮೇಲೆ ಕರೆಂಟು ದಾಟದ ಪೊರೆ ಕಟ್ಟುತ್ತದೆ. ಬಿಸಿಗೆ ತಾಮ್ರಕ್ಕಿಂತಲೂ ಉಕ್ಕಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಸ್ಕ್ರೂವಿನ ಅಡಿ ಸಿಕ್ಕರೆ ವರ್ಷಗಟ್ಟಲೆ ನಿಧಾನವಾಗಿ ಜಾರಿ ತೆಳುವಾಗುತ್ತದೆ, ಬಿಗಿತ ತಾನಾಗಿ ಸಡಿಲುತ್ತದೆ. ತಾಮ್ರ ತುಟ್ಟಿಯಾದಾಗ, ಸುಮಾರು 1965ರಿಂದ 1973ರವರೆಗೆ, ಅಮೆರಿಕದಲ್ಲಿ ಲಕ್ಷಾಂತರ ಮನೆಗಳಿಗೆ ಈ ತಂತಿ ಹಾಕಿದರು. ಅಂಥ ಹಳೆಯ ಮನೆಗಳಲ್ಲಿ ಕೂಡುಜಾಗವೊಂದು ಬೆಂಕಿಯ ಅಪಾಯದ ಮಟ್ಟಕ್ಕೆ ಹೋಗುವ ಸಂಭವ ತಾಮ್ರದ ಮನೆಗಿಂತ 55 ಪಟ್ಟು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಸಮೀಕ್ಷೆ ಕಂಡುಕೊಂಡಿತು. ತಾಮ್ರದ ಅಭಾವದ ದಶಕಗಳಲ್ಲಿ ನಮ್ಮ ಮನೆಗಳ ವೈರಿಂಗೂ ಅಲ್ಯುಮಿನಿಯಂನದೇ ಆಗಿತ್ತು. ತಪ್ಪು ತಂತಿಯೊಂದರದ್ದೇ ಅಲ್ಲ, ತಾಮ್ರಕ್ಕೆಂದು ಮಾಡಿದ ಸ್ಕ್ರೂಗಳ ಕೆಳಗೆ ಅದನ್ನು ಸಿಕ್ಕಿಸಿದ್ದೂ ತಪ್ಪು. ಪೊರೆ ಕಟ್ಟದಂತೆ ಗ್ರೀಸು ತುಂಬಿದ ಕನೆಕ್ಟರು, ಅರ್ಧ ತಾಮ್ರ ಅರ್ಧ ಅಲ್ಯುಮಿನಿಯಂನ ಬೈಮೆಟಲ್ ಲಗ್ಗು, ತಟ್ಟೆಯಾಕಾರದ ಸ್ಪ್ರಿಂಗ್ ವಾಷರು ಎಲ್ಲವೂ ಈ ಲೋಹದ ಕಾಟಕ್ಕೆ ಮದ್ದು.

ಸ್ಪ್ರಿಂಗನ್ನೇ ನಂಬಿ ಸ್ಕ್ರೂವನ್ನು ಪೂರ್ತಿ ಬಿಟ್ಟವರು ಜರ್ಮನಿಯ ಮಿಂಡನ್ನಿನ ವ್ಯಾಗೋ ಕಂಪನಿಯವರು. 1951ರಲ್ಲಿ ಶುರುವಾದ ಅವರ ದಾರಿ 1977ರ ಕೇಜ್ ಕ್ಲ್ಯಾಂಪಿಗೆ ಬಂದು ಮುಟ್ಟಿತು. ಲೋಹ ಹಿಗ್ಗಿದರೂ ಕುಗ್ಗಿದರೂ ಉಕ್ಕಿನ ಸ್ಪ್ರಿಂಗ್ ಅದರ ಬೆನ್ನು ಬಿಡುವುದಿಲ್ಲ.

ಇನ್ನು ಭೂಮಿ. 1838ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲ್ ಟೆಲಿಗ್ರಾಫಿಗೆ ವಾಪಸು ತಂತಿ ಬೇಕಿಲ್ಲ, ನೆಲವೇ ಸಾಕು ಎಂದು ಕಂಡುಕೊಂಡಾಗ ಅರ್ಧದಷ್ಟು ತಂತಿ ಉಳಿಯಿತು. ಆಗ ಕೂಲಿಯಾಳಾಗಿದ್ದ ಭೂಮಿ ಕಾವಲುಗಾರನಾದದ್ದು ಆಮೇಲೆ. ನಮ್ಮಲ್ಲಿ ಅರ್ಥಿಂಗ್ ಎಂದರೆ ಗುಂಡಿ, ಇದ್ದಿಲು, ಉಪ್ಪು, ನಡುವೆ ಜಿಐ ಪೈಪು. ಉಪ್ಪು ತೇವ ಹಿಡಿದು ರೋಧ ಇಳಿಸುತ್ತದೆ, ಹಾಗೇ ಪೈಪನ್ನೂ ತಿನ್ನುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವುದನ್ನು ಮರೆತರೆ ಕಾಗದದ ಮೇಲಷ್ಟೇ ಅರ್ಥಿಂಗ್ ಉಳಿಯುತ್ತದೆ. ಒಣ ನೆಲದ ಈ ಸಮಸ್ಯೆಗೆ ಚಂದದ ಉತ್ತರ ಸಿಕ್ಕಿದ್ದು ಅರಿಜೋನಾದ ಮರುಭೂಮಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಉಗ್ರಾಣಗಳಿಗೆ ಸಿಡಿಲಿನಿಂದ ರಕ್ಷಣೆ ಬೇಕಿತ್ತು, ನೆಲದಲ್ಲಿ ತೇವವೇ ಇರಲಿಲ್ಲ. ಹರ್ಬರ್ಟ್ ಊಫರ್ ಕಟ್ಟಡದ ತಳಪಾಯದ ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳನ್ನೇ ಅರ್ಥ್ ಮಾಡಿದ. ಕಾಂಕ್ರೀಟು ತೇವವನ್ನು ಬೇಗ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಸುಮಾರು ಇಪ್ಪತ್ತು ವರ್ಷ ಕಳೆದು ಅಳೆದಾಗಲೂ ರೋಧ 5 ಓಮಿನೊಳಗೇ ಇತ್ತು. ಇಂದಿಗೂ ಅದಕ್ಕೆ ಊಫರ್ ಗ್ರೌಂಡ್ ಎಂದೇ ಹೆಸರು.

ನೆಲದಡಿಯ ಆ ಸರಳುಗಳನ್ನು ಬೋಲ್ಟಿನಿಂದ ಬಿಗಿದರೆ ತುಕ್ಕು ಬಿಡದು. 1938ರಲ್ಲಿ ಕ್ಲೀವ್‌ಲ್ಯಾಂಡಿನ ಚಾರ್ಲ್ಸ್ ಕ್ಯಾಡ್ವೆಲ್ ರೈಲು ಹಳಿಗಳಿಗೆ ತಾಮ್ರದ ಕೊಂಡಿ ಬೆಸೆಯಲೆಂದು ರೂಪಿಸಿದ ವಿಧಾನ ಇಲ್ಲಿ ಕೈಹಿಡಿಯಿತು. ಗ್ರ್ಯಾಫೈಟ್ ಅಚ್ಚಿನಲ್ಲಿ ತಾಮ್ರದ ಆಕ್ಸೈಡ್ ಮತ್ತು ಅಲ್ಯುಮಿನಿಯಂ ಪುಡಿ ಹಾಕಿ ಕಿಡಿ ಮುಟ್ಟಿಸಿದರೆ ಕೆಲವೇ ಸೆಕೆಂಡಿನಲ್ಲಿ ಕರಗಿದ ತಾಮ್ರ ಇಳಿದು ಎರಡು ಸರಳು ಒಂದೇ ಲೋಹವಾಗುತ್ತವೆ. ಕೂಡುಜಾಗಕ್ಕೆ ಶತ್ರುವಾಗಿದ್ದ ಅಲ್ಯುಮಿನಿಯಂನ ಆಮ್ಲಜನಕದ ದಾಹವೇ ಇಲ್ಲಿ ಕೆಲಸಕ್ಕೆ ಬಂತು.

ಇಷ್ಟು ವಿದ್ಯೆ ಕೂಡಿದ ಮೇಲೂ ಜಾಯಿಂಟು ಕೈಕೊಡುತ್ತದೆ. 2008ರ ಸೆಪ್ಟೆಂಬರ್ 19ರಂದು ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಕಣಗಳ ಡಿಕ್ಕಿಯಂತ್ರದಲ್ಲಿ ಎರಡು ಅಯಸ್ಕಾಂತಗಳ ನಡುವಿನ ಒಂದು ಬೆಸುಗೆ ಸೋತಿತು. ಅದರ ರೋಧ ಸುಮಾರು 220 ನ್ಯಾನೋಓಮ್, ಹರಿಯುತ್ತಿದ್ದದ್ದು 8,700 ಆಂಪಿಯರ್. ಗುಣಿಸಿದರೆ ಬರುವ ಬಿಸಿ ಹದಿನೇಳು ವಾಟಿನ ಆಸುಪಾಸು, ನಮ್ಮ ಗೀಸರ್ ಪಿನ್ನಿನದಕ್ಕಿಂತಲೂ ಕಡಿಮೆ. ಅತಿ ತಣ್ಣಗಿರಬೇಕಾದ ಆ ಯಂತ್ರಕ್ಕೆ ಅಷ್ಟೇ ಸಾಕಾಯಿತು: ತಂಪು ಕಾಯುವ ಹೀಲಿಯಂ ಆರು ಟನ್ ಸೋರಿತು, ಯಂತ್ರ ಒಂದು ವರ್ಷಕ್ಕೂ ಹೆಚ್ಚು ನಿಂತಿತು.

2024ರ ಮಾರ್ಚ್ 26ರ ನಸುಕಿನಲ್ಲಿ, ಬಹುಪಾಲು ಭಾರತೀಯ ಸಿಬ್ಬಂದಿಯಿದ್ದ ಡಾಲಿ ಎಂಬ ಹಡಗು ಬಾಲ್ಟಿಮೋರಿನಲ್ಲಿ ಕರೆಂಟು ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿಯಿತು. ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ತಂಡದ ಆರು ಜನ ಸತ್ತರು. ತನಿಖೆಯವರು 300 ಮೀಟರ್ ಉದ್ದದ ಹಡಗಿನ ಸಾವಿರಾರು ತಂತಿಗಳನ್ನು ಹುಡುಕುತ್ತ ಹೋಗಿ ನಿಂತದ್ದು ಒಂದು ಸ್ಪ್ರಿಂಗ್ ಕ್ಲ್ಯಾಂಪಿನ ಮುಂದೆ. ಕ್ಲ್ಯಾಂಪು ಸರಿಯಾಗಿಯೇ ಇತ್ತು. ತಂತಿಗೆ ತೊಡಿಸಿದ್ದ ಹೆಸರುಚೀಟಿಯ ಬಳೆ ತುಸು ಮುಂದೆ ಸರಿದಿದ್ದರಿಂದ ತುದಿ ಪೂರ್ತಿ ಒಳಗೆ ಹೋಗಿರಲಿಲ್ಲ. ತಂತಿ ಸಿಕ್ಕಿಸಿದ ಮೇಲೆ ಒಮ್ಮೆ ಎಳೆದು ನೋಡಬೇಕೆಂದು ಐಟಿಐಯ ಮೇಷ್ಟ್ರು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ, ವೆಸ್ಟರ್ನ್ ಯೂನಿಯನ್ ಜಾಯಿಂಟ್ ಕಲಿಸುವಾಗ.