ಬಂಡೂರು ಕುರಿಯೂ ಜಗತ್ತಿನ ಜೀನೋಮ್ ಕಣಜವೂ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಬಂಡೂರು ಕುರಿಯನ್ನು ಪರಿಚಯಿಸಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಈ ತಳಿಯನ್ನು ಕೆಲವರು ಬನ್ನೂರು ಕುರಿ ಎನ್ನುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಇದರ ಹೆಸರು ‘ಮಂಡ್ಯ’. ಗಿಡ್ಡನೆಯ ದೇಹ, ಬಿಳಿಯ ಮೈ, ಕೆಲವಕ್ಕೆ ಮುಖದಿಂದ ಕೊರಳಿನವರೆಗೆ ತಿಳಿಗಂದು ಬಣ್ಣ, ಜೋಲುವ ಕಿವಿ, ಕೊಂಬಿಲ್ಲದ ತಲೆ. ಮಾಂಸದ ರುಚಿಗೆ ಹೆಸರಾದುದರಿಂದ ಬೆಲೆಯೂ ಹೆಚ್ಚು. ಬೆಲೆಯಿದ್ದ ಕಡೆ ಹೆಸರಿನ ದುರುಪಯೋಗವೂ ಇರುತ್ತದೆ. ಬೇರೆ ತಳಿಯೊಡನೆ ಬೆರೆತ ಕುರಿಗಳೂ ಬಂಡೂರು ಎಂದೇ ಮಾರಾಟವಾಗುತ್ತವೆ. ಶುದ್ಧ ತಳಿ ವಿರಳವಾಗುತ್ತಿದೆ.

ಹಾಗಾದರೆ ಶುದ್ಧ ಬಂಡೂರು ಯಾವುದು? ನಮ್ಮ ಕ್ಯಾಮೆರಾ ಕುರಿಯ ಕಿವಿಯನ್ನೂ ಬೆನ್ನನ್ನೂ ತೋರಿಸಬಲ್ಲದು. ಜೀವಕೋಶದೊಳಗಿನ ವಂಶದ ಬರಹವನ್ನು ತೋರಿಸಲಾರದು. ಡಿಎನ್‌ಎ ಎಂಬ ಆ ಬರಹದಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಕುರಿಯಲ್ಲಿ ಇವು 27 ಜೊತೆ ವರ್ಣತಂತುಗಳಲ್ಲಿ ಹರಡಿಕೊಂಡಿವೆ. ಒಂದು ಪ್ರತಿಯನ್ನು ಎಣಿಸಿದರೂ ಸುಮಾರು 260 ಕೋಟಿ ಅಕ್ಷರಗಳು! ಇಡೀ ಬರಹಕ್ಕೆ ಜೀನೋಮ್ ಎಂದು ಹೆಸರು.

ಇಂಥ ಬರಹಗಳನ್ನು ಎಲ್ಲರೂ ನೋಡುವಂತೆ ಕೂಡಿಡುವ ಕೆಲಸ ಆರಂಭವಾದದ್ದು ಒಂದು ಮುದ್ರಿತ ಪುಸ್ತಕದಿಂದ. 1965ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು ಆಗ ತಿಳಿದಿದ್ದ ಪ್ರೋಟೀನ್‌ಗಳ ಅನುಕ್ರಮಗಳನ್ನು ಒಂದೆಡೆ ಪ್ರಕಟಿಸಿದರು. 1982ರಲ್ಲಿ ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಸಂಗ್ರಹ ಅಮೆರಿಕದಲ್ಲಿ ಆರಂಭವಾಯಿತು. ಆ ವರ್ಷದ ಕೊನೆಗೆ ಅದರಲ್ಲಿದ್ದುದು 606 ಅನುಕ್ರಮಗಳು ಮಾತ್ರ. ಯೂರೋಪ್ ಮತ್ತು ಜಪಾನಿನ ಸಂಗ್ರಹಗಳು ಇದರೊಡನೆ ಕೈಜೋಡಿಸಿ, ಒಬ್ಬರಲ್ಲಿಗೆ ಬಂದದ್ದನ್ನು ಮೂವರೂ ಹಂಚಿಕೊಳ್ಳುವ ಪದ್ಧತಿ ಬೆಳೆಯಿತು. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ವಿಜ್ಞಾನಿಗಳು, ಮಾನವ ಜೀನೋಮಿನ ಓದಿದ ಭಾಗವನ್ನು 24 ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕೆಂದು ಒಪ್ಪಿಕೊಂಡರು. 1999ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಎನ್ಸೆಂಬಲ್’ ಇಂದು ಕುರಿ, ಮೇಕೆ, ಹಸುಗಳ ವಂಶವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಯಾರಿಗಾದರೂ ಅವಕಾಶ ಕೊಡುತ್ತದೆ. ಶುಲ್ಕವಿಲ್ಲ, ಶಿಫಾರಸು ಬೇಕಿಲ್ಲ.

ಹೋಲಿಕೆಯಿಂದ ಏನು ಲಾಭ ಎನ್ನುವಿರಾ? ಒಂದು ಉದಾಹರಣೆ ನೋಡಿ. ಆಸ್ಟ್ರೇಲಿಯದ ಬೂರೂಲಾ ಮೆರಿನೋ ಕುರಿಗಳು ಒಂದೇ ಸೂಲಿಗೆ ಎರಡು ಮೂರು ಮರಿ ಹಾಕುತ್ತವೆ. 2001ರಲ್ಲಿ ಇದರ ಕಾರಣ ತಿಳಿಯಿತು: ಬಿಎಂಪಿಆರ್1ಬಿ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದೇ ಬದಲಾವಣೆ ಬಂಗಾಳದ ಪುಟ್ಟ ಗ್ಯಾರೋಲ್ ಕುರಿಯಲ್ಲೂ ಸಿಕ್ಕಿತು! 1792-93ರಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದ ಬಂಗಾಳದ ಕುರಿಗಳ ಕತೆಗೆ ಹೀಗೆ ಡಿಎನ್‌ಎ ಸಾಕ್ಷಿ ನುಡಿಯಿತು. ಮಹಾರಾಷ್ಟ್ರದ ಫಲ್ಟಣದ ಸಂಶೋಧಕರು ಗ್ಯಾರೋಲ್‌ನ ಆ ಗುಣವನ್ನು ದಖನಿ ಕುರಿಗೆ ತಂದರು. ಅದರಿಂದ ಹುಟ್ಟಿದ ‘ನಾರಿ ಸುವರ್ಣ’ ಕರ್ನಾಟಕದ ಕುರಿ ಸಾಕಣೆದಾರರಿಗೂ ಪರಿಚಿತ. ಬಂಗಾಳದ ಆ ಬಡಕಲು ಕುರಿ ಅಳಿದುಹೋಗಿದ್ದರೆ ಈ ಕತೆಗೆ ಸಾಕ್ಷಿಯೂ ಸಿಗುತ್ತಿರಲಿಲ್ಲ, ಹೊಸ ತಳಿಯೂ ಹುಟ್ಟುತ್ತಿರಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. 2014ರಲ್ಲಿ ಪ್ರಕಟವಾದ ಕುರಿಯ ಜೀನೋಮ್ ಹಾಲೆಂಡ್ ಮೂಲದ ಟೆಕ್ಸೆಲ್ ತಳಿಯದು. ಅನಂತರ ಬಂದ ಮಾದರಿ ಫ್ರಾನ್ಸ್ ಮೂಲದ ರ್‍ಯಾಂಬುಲೆಟ್ ತಳಿಯದು. ನಮ್ಮ ಕುರಿಯ ಡಿಎನ್‌ಎ ಓದಿದಾಗ ಅದನ್ನು ಸಾಮಾನ್ಯವಾಗಿ ಇಂಥ ಮಾದರಿಯ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಮಾದರಿಯಲ್ಲಿ ಇಲ್ಲದ ತುಣುಕೊಂದು ನಮ್ಮ ಕುರಿಯಲ್ಲಿದ್ದರೆ ಅದು ಲೆಕ್ಕಕ್ಕೆ ಸಿಗದೆ ಜಾರಿಹೋಗಬಹುದು. ಪರರ ಸೇರಿನಲ್ಲಿ ನಮ್ಮ ರಾಗಿ ಅಳೆದಂತೆ! ಒಂದೆರಡು ಕುರಿಗಳನ್ನು ಓದಿದರೂ ಸಾಲದು. ತಳಿಯ ಗುರುತು ಒಂದು ಪ್ರಾಣಿಯಲ್ಲಿಲ್ಲ, ಹಿಂಡಿನಲ್ಲಿದೆ. ಬೇರೆ ಬೇರೆ ಊರುಗಳ ಶುದ್ಧ ಹಿಂಡುಗಳನ್ನು ಓದಿದರೆ ಮಾತ್ರ ಬೆರಕೆ ಎಷ್ಟೆಂದು ಹೇಳಲು ಸಾಧ್ಯ.

ದೇಶದ ಪಶುತಳಿಗಳನ್ನು ದಾಖಲಿಸುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ 1984ರಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ. ಮರುವರ್ಷ ಅದು ಹರಿಯಾಣದ ಕರ್ನಾಲಿಗೆ ಹೋಯಿತು. ಅದರ ಪಟ್ಟಿಯಲ್ಲಿ ಮಂಡ್ಯ ಕುರಿಗೆ ಸ್ಥಾನವಿದೆ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ತಳಿ ಸಂವರ್ಧನೆಯ ಕೇಂದ್ರವೂ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೊಟ್ಟಿಗೆಯಲ್ಲಿ ಕುರಿ ಉಳಿಯುವುದಿಲ್ಲ. ಅದನ್ನು ಉಳಿಸುವವನು ಶುದ್ಧ ಟಗರನ್ನು ಮಾರದೆ ಇಟ್ಟುಕೊಂಡ ರೈತ. ಅವನಿಗೆ ಅದರಿಂದ ನಷ್ಟವಾಗದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ.

ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಒಮ್ಮೆ ಎನ್ಸೆಂಬಲ್ ತೆರೆಯಿರಿ. ಕುರಿಯನ್ನು ಆರಿಸಿ, ಬಿಎಂಪಿಆರ್1ಬಿ ಹುಡುಕಿ, ಮೇಕೆಯ ಮತ್ತು ಹಸುವಿನ ವಂಶವಾಹಿಯೊಡನೆ ಹೋಲಿಸಿ. ಆಮೇಲೆ ಊರಿನ ಹಿಂಡಿನ ಬಳಿಗೂ ಹೋಗಿ, ಅದರ ವಂಶ ಎಲ್ಲಿಂದ ಬಂತೆಂದು ಸಾಕಿದವರನ್ನು ಕೇಳಿ ಬರೆದುಕೊಳ್ಳಿ. ಕಣಜಕ್ಕೆ ಸುರಿದದ್ದಷ್ಟೇ ಕಣಜದಲ್ಲಿ ಸಿಗುತ್ತದೆ. ಬಂಡೂರಿನ ಪಾಲನ್ನು ಅದಕ್ಕೆ ಸೇರಿಸುವ ಕೆಲಸ ನಿಮ್ಮ ತಲೆಮಾರಿನದು. ಅಷ್ಟರೊಳಗೆ ಬಂಡೂರು ಕುರಿ ಉಳಿದಿರಬೇಕು.