ಕಂಪನಿ ನಾಟಕದ ನಟರು ಮತ್ತು ಮೊದಲ ವಾಕ್ಚಿತ್ರಗಳು

ಅರ್ಥ ಮತ್ತು ಹಿನ್ನೆಲೆ

ಚಿತ್ರದೊಡನೆ ಮಾತು, ಸಂಗೀತಗಳನ್ನೂ ಕೇಳಿಸುವ ಚಲನಚಿತ್ರವೇ ವಾಕ್ಚಿತ್ರ. ಜನರ ಬಾಯಲ್ಲಿ ಟಾಕಿ. ಧ್ವನಿಯ ಯಂತ್ರ ಬಂದಾಗ ಮಾತಾಡಿ ಹಾಡಬಲ್ಲವರು ರಂಗಭೂಮಿಯಲ್ಲಿ ಸಿದ್ಧರಾಗಿಯೇ ಇದ್ದರು. ಅಮೆರಿಕದಲ್ಲಿ 1926ರಿಂದ ವೈಟಾಫೋನ್ ಕಿರುಚಿತ್ರಗಳು ವಾಡ್‌ವಿಲ್ ಎಂಬ ವಿನೋದರಂಗದ ಗಾಯಕರನ್ನೂ ಹಾಸ್ಯಗಾರರನ್ನೂ ತೆರೆಗೆ ತಂದವು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಒದಗಿದವರು ಕಂಪನಿ ನಾಟಕದ, ಅಂದರೆ ಡೇರೆ ಹೂಡಿ ಆಡುತ್ತಿದ್ದ ವೃತ್ತಿ ತಂಡಗಳ, ನಟರು.

ಧ್ವನಿ ಕೂಡಿದ ಬಗೆ

ವೈಟಾಫೋನ್ ಪದ್ಧತಿಯಲ್ಲಿ ಧ್ವನಿ ಇರುತ್ತಿದ್ದುದು ಪ್ರತ್ಯೇಕ ತಟ್ಟೆಯಲ್ಲಿ. ಮುಳ್ಳು ಒಂದು ಗೆರೆ ಹಾರಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು. ಮುಂದೆ ಧ್ವನಿಯನ್ನು ಬೆಳಕಿನ ಏರಿಳಿತವಾಗಿ ಫಿಲ್ಮಿನ ಅಂಚಿನಲ್ಲೇ ಅಚ್ಚೊತ್ತುವ ಕ್ರಮ ನೆಲೆಗೊಂಡಿತು. ಹಿನ್ನೆಲೆ ಗಾಯನ ಬರುವವರೆಗೆ ನಟರು ಕ್ಯಾಮೆರಾದ ಮುಂದೆ ತಾವೇ ಹಾಡಬೇಕಿತ್ತು; ವಾದ್ಯದವರು ಚೌಕಟ್ಟಿನ ಆಚೆ ಮರೆಯಲ್ಲಿ ಕೂರುತ್ತಿದ್ದರು. ಧ್ವನಿವರ್ಧಕವಿಲ್ಲದೆ ಕಡೆಯ ಸಾಲಿನವರೆಗೂ ಮಾತು ಮುಟ್ಟಿಸಿದ್ದ ಕಂಠಗಳಿಗೆ ಮೈಕಿನ ಮುಂದೆ ದನಿ ತಗ್ಗಿಸುವುದೇ ಹೊಸ ವಿದ್ಯೆ.

ಸತಿ ಸುಲೋಚನ

ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’. ಚಮನ್‌ಲಾಲ್ ಡುಂಗಾಜಿ ಅದರ ನಿರ್ಮಾಪಕರು, ವೈ.ವಿ. ರಾವ್ ನಿರ್ದೇಶಕರು. ಕನ್ನಡ ನಾಡಿನಲ್ಲಿ ಆಗ ವಾಕ್ಚಿತ್ರ ತೆಗೆಯುವ ಸ್ಟುಡಿಯೋ ಇಲ್ಲದ ಕಾರಣ ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ನಡೆಯಿತು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ ನಟಿಸಿದರು. ನಾಯ್ಡು ಮತ್ತು ನಾಗೇಂದ್ರರಾವ್ ಇಬ್ಬರೂ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯವರು. ಸಂಭಾಷಣೆ, ಹಾಡುಗಳನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ನಾಟಕಕಾರರೇ. ಹೀಗಾಗಿ ಇದನ್ನು ಸಿನಿಮಾ ಎನ್ನುವುದಕ್ಕಿಂತ ಡೇರೆಯಿಂದ ತೆರೆಗೆ ದಾಟಿದ ನಾಟಕ ಎನ್ನುವುದೇ ಸರಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು.

ಬಳ್ಳಾರಿ ಸೀಮೆ

ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಕನ್ನಡ, ತೆಲುಗು ಎರಡೂ ನಡೆಯುವ ಈ ಜಿಲ್ಲೆಯಿಂದ ಟಾಕಿಗೆ ಹೋದ ದೊಡ್ಡ ಹೆಸರು ಬಳ್ಳಾರಿ ರಾಘವ. ವೃತ್ತಿಯಿಂದ ವಕೀಲರು, ಕಂಪನಿಯವರಲ್ಲ, ಹವ್ಯಾಸಿ ನಟರು. ಅವರು ನಟಿಸಿದ ‘ದ್ರೌಪದೀ ಮಾನಸಂರಕ್ಷಣಂ’ (1936), ‘ರೈತುಬಿಡ್ಡ’ (1939), ‘ಚಂಡಿಕಾ’ (1940) ಮೂರೂ ತೆಲುಗು ಚಿತ್ರಗಳು. ಜಮೀನ್ದಾರಿ ದಬ್ಬಾಳಿಕೆಯನ್ನು ಚಿತ್ರಿಸಿದ ‘ರೈತುಬಿಡ್ಡ’ಕ್ಕೆ ಜಮೀನ್ದಾರರಿಂದ ವಿರೋಧ ಬಂದಿತ್ತು.

ಉಳಿದದ್ದು

ವೈಟಾಫೋನ್ ಕಿರುಚಿತ್ರಗಳಲ್ಲಿ ಹಲವಕ್ಕೆ ತಟ್ಟೆಯನ್ನೂ ಫಿಲ್ಮನ್ನೂ ಹುಡುಕಿ ಮರಳಿ ಜೋಡಿಸಲಾಗಿದೆ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ.