ದಿನ ತುಂಬದ ಮಗುವಿನ ಉಸಿರು ಮತ್ತು ಹಾರ್ಮೋನು

ದಿನ ತುಂಬದೆ ಹುಟ್ಟಿದ ಮಗು ಉಸಿರಿಗೆ ಒದ್ದಾಡುವುದೇಕೆ? ಶ್ವಾಸಕೋಶದ ಗಾಳಿಗೂಡುಗಳ ಒಳಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪವಿರಬೇಕು. ಅದು ಸಾಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಮುದುಡಿ ಅಂಟಿಕೊಳ್ಳುತ್ತವೆ. 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಈ ಕೊರತೆಯನ್ನು ಗುರುತಿಸಿದರು.

ಲೇಪದಲ್ಲಿ ಬಹುಪಾಲು ಕೊಬ್ಬು, ಪ್ರೋಟೀನು ನೂರಕ್ಕೆ ಹತ್ತರಷ್ಟು ಮಾತ್ರ. ಆದರೆ ಎಸ್‌ಪಿ-ಬಿ ಎಂಬ ಪ್ರೋಟೀನು ಇಲ್ಲದೆ ಲೇಪ ಹರಡುವುದೇ ಇಲ್ಲ. ಅದರ ಜೀನು ಕೆಟ್ಟಿದ್ದರೆ ದಿನ ತುಂಬಿ ಹುಟ್ಟಿದ ಮಗುವೂ ಉಳಿಯುವುದು ಕಷ್ಟ.

ಇಂಥ ಜೀನುಗಳ ಕೆಲಸವನ್ನು ಏರಿಸಿ ಇಳಿಸುವುದು ಹಾರ್ಮೋನುಗಳು. ಕಾರ್ಟಿಸಾಲ್ ಎಸ್‌ಪಿ-ಬಿಯನ್ನು ಹೆಚ್ಚಿಸುತ್ತದೆ, ಇನ್ಸುಲಿನ್ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ ತಾಯಂದಿರ ಮಕ್ಕಳಿಗೆ ಈ ತೊಂದರೆ ಹೆಚ್ಚು, ಅದಕ್ಕೆ ಇದೂ ಒಂದು ಕಾರಣವಿರಬಹುದು. 'ಎ' ಜೀವಸತ್ವದಿಂದಾಗುವ ರೆಟಿನಾಯಿಕ್ ಆಮ್ಲದ ನಡತೆ ಮಾತ್ರ ವಿಚಿತ್ರ. ಪ್ರಯೋಗಾಲಯದಲ್ಲಿ ಭ್ರೂಣದ ಶ್ವಾಸಕೋಶದ ತುಣುಕಿಗೆ ಹಾಕಿದಾಗ ಎಸ್‌ಪಿ-ಬಿ ಏರಿತು, ಎಸ್‌ಪಿ-ಎ ಮತ್ತು ಎಸ್‌ಪಿ-ಸಿ ಇಳಿದವು. ಆದ್ದರಿಂದ ಬಸುರಿಯರು 'ಎ' ಮಾತ್ರೆ ನುಂಗಿದರೆ ಮಗುವಿಗೆ ಒಳ್ಳೆಯದು ಎಂದು ಲೆಕ್ಕ ಹಾಕಬಾರದು. ಅತಿಯಾದರೆ ಮಗುವಿಗೆ ಅಂಗವೈಕಲ್ಯ ಬರುವ ಭಯವಿದೆ.

ಕೈಗೆ ಸಿಕ್ಕ ಮದ್ದು ಕಾರ್ಟಿಸಾಲ್ ಜಾತಿಯ ಸ್ಟೀರಾಯ್ಡ್ ಚುಚ್ಚುಮದ್ದು. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ಇದನ್ನು ತೋರಿಸಿಕೊಟ್ಟರು. ಬೆಳಗಾವಿಯೂ ಸೇರಿದ್ದ ಐದು ದೇಶಗಳ ಅಧ್ಯಯನದಲ್ಲಿ (2020) ಡೆಕ್ಸಾಮೆಥಾಸೋನ್‌ನಿಂದ ನವಜಾತರ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಸಲ ಇದನ್ನು ತಾಯಿಗೆ ಕೊಡುತ್ತಾರೆ. ಹೆರಿಗೆಗೆ ಒಂದು ದಿನ ಮೊದಲಾದರೂ ಶುರುವಾದರೆ ಫಲ ಚೆನ್ನಾಗಿರುತ್ತದೆ. ಹಾಗಾಗಿ ಏಳು, ಎಂಟನೇ ತಿಂಗಳಲ್ಲಿ ನೋವು ಕಾಣಿಸಿದರೆ ಬೆಳಗಾಗಲೆಂದು ಕಾಯದೆ, ಗಡಿಯ ಯಾವ ಬದಿಯದಾದರೂ ಸರಿ, ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೋಗಬೇಕು.